ಹಾಡು ಎಲ್ಲರದು, ಹೆಸರು ಯಾರದು?

(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣ)



2019ರ ಸೆಪ್ಟೆಂಬರಿನಲ್ಲಿ ಮೈಸೂರು ಪಾಕಿನ ಜಿಐ ಟ್ಯಾಗ್ ತಮಿಳುನಾಡಿಗೆ ಹೋಯಿತೆಂಬ ಸುದ್ದಿ ಹಬ್ಬಿದ್ದು ನಿಮಗೆ ನೆನಪಿರಬಹುದು. ಅದು ಯಾರೋ ತಮಾಷೆಗೆ ಹಾಕಿದ ಟ್ವೀಟ್. ಅಂಥ ಟ್ಯಾಗನ್ನು ಯಾರೂ ಕೊಟ್ಟಿರಲಿಲ್ಲ. ಆದರೂ ಕನ್ನಡಿಗರಿಗೆಲ್ಲ ಮನಸ್ಸು ಚುರ್ರೆಂದಿತು. ಯಾರು ಬೇಕಾದರೂ ಮಾಡಲಿ, ತಿನ್ನಲಿ, ಆದರೆ ಹೆಸರು ಮಾತ್ರ ನಮ್ಮದೇ ಇರಲಿ ಎಂಬುದು ನಮ್ಮ ಮಾತು. ನ್ಯಾಯವಾದ ಮಾತೇ.

ಸಂಗೀತದಲ್ಲಿ ನಮಗೆ ಆ ನ್ಯಾಯ ಸಿಕ್ಕಿದೆ. ಚೆನ್ನೈಯ ಮಕ್ಕಳು ಇಂದಿಗೂ ಮಾಯಾಮಾಳವಗೌಳದ ಸರಳೆ ವರಸೆಯಿಂದ ಪಾಠ ಶುರುಮಾಡುತ್ತಾರೆ. ಆ ಕ್ರಮ ಹಾಕಿಕೊಟ್ಟವರು ಪುರಂದರದಾಸರು ಎಂದು ಪರಂಪರೆ ಒಪ್ಪಿ, ಅವರನ್ನು ಸಂಗೀತ ಪಿತಾಮಹ ಎಂದು ಕರೆದಿದೆ. ತಮಿಳು ನೆಲದಲ್ಲಿ ಬಾಳಿ, ತೆಲುಗಿನಲ್ಲಿ ಹಾಡಿದ ತ್ಯಾಗರಾಜರು ತಮ್ಮ 'ಪ್ರಹ್ಲಾದ ಭಕ್ತಿ ವಿಜಯ'ದಲ್ಲಿ ದಾಸರಿಗೆ ನಮಿಸಿದ್ದಾರೆ. ಹಾಗೆ ನಮಿಸಿದ್ದರಿಂದ ಅವರೇನೂ ಚಿಕ್ಕವರಾಗಲಿಲ್ಲ.

ಈಗ ತಕ್ಕಡಿಯ ಇನ್ನೊಂದು ತಟ್ಟೆ ನೋಡೋಣ. ನಮ್ಮಲ್ಲಿ ಅನೇಕರಿಗೆ ಕಾಸಿಮೇಡು ಎಂದರೆ ಮೀನುಬಂದರು, ಇಲ್ಲವೇ ಸಿನಿಮಾದ ರೌಡಿ. ಕಾಸಿಮೇಡು, ರಾಯಪುರಂ, ಪುಳಿಯಂತೋಪು, ವ್ಯಾಸರಪಾಡಿಯ ದುಡಿಯುವ ಜನರ, ಅದರಲ್ಲೂ ದಲಿತ ಕೇರಿಗಳ ಹಾಡು 'ಗಾನಾ'. ಸಾವಿನ ಮನೆಯಲ್ಲಿ ಸತ್ತವರನ್ನು ನೆನೆದು ಹಾಡುವುದು ಮರಣ ಗಾನಾ. 1990ರ ದಶಕದಲ್ಲಿ ಸಂಗೀತ ನಿರ್ದೇಶಕ ದೇವಾ ಅದನ್ನು ಸಿನಿಮಾದಲ್ಲಿ ಮನೆಮಾತು ಮಾಡಿದರು. ಈಗ ಆ ತಾಳಕ್ಕೆ ಮದುವೆ ಮನೆಯಲ್ಲೂ ಕುಣಿಯುತ್ತಾರೆ, ಆಫೀಸಿನ ಆ್ಯನುಯಲ್ ಡೇಯಲ್ಲೂ ಕುಣಿಯುತ್ತಾರೆ. ಹಾಡಿಗೆ ಸಿನಿಮಾದ ಹೆಸರಿದೆ, ನಟರ ಹೆಸರಿದೆ. ಕೇರಿಯ ಹೆಸರು ಮಾತ್ರ ಬೈಗುಳವಾಗಿಯೇ ಉಳಿದಿದೆ.

ನಾವು ಹೆಂಗಸರು ಇನ್ನೊಂದನ್ನೂ ಗಮನಿಸಬೇಕು. ಗಾನಾ ಬಹುಕಾಲ ಗಂಡಸರದೇ ಆಗಿತ್ತು. ಉತ್ತರ ಚೆನ್ನೈಯ ಇಸೈವಾಣಿ ಅದನ್ನು ಹಾಡಿ, 'ಕ್ಯಾಸ್ಟ್‌ಲೆಸ್ ಕಲೆಕ್ಟಿವ್' ತಂಡದಲ್ಲಿ ವೇದಿಕೆ ಏರಿದರು. 2020ರಲ್ಲಿ ಬಿಬಿಸಿಯ 100 ಮಹಿಳೆಯರ ಪಟ್ಟಿಯಲ್ಲಿ ಅವರ ಹೆಸರು ಬಂತು.

ಹಂಚಿಕೊಂಡ ಕಲೆಗೆ ಹೆಸರು ಹೇಗೆ ಕೊಡಬೇಕೆಂಬುದಕ್ಕೆ ಪಶ್ಚಿಮ ಆಫ್ರಿಕಾದಲ್ಲಿ ಒಳ್ಳೆಯ ಮಾದರಿಯಿದೆ. ಅಲ್ಲಿನ ಯೊರುಬಾ-ನಾಗೋ ಜನ ಆದಿಮಾತೆಯನ್ನೂ ಹೆಂಗಸರ ಶಕ್ತಿಯನ್ನೂ ಗೌರವಿಸಿ ಮುಖವಾಡ ಹೊತ್ತು ಕುಣಿಯುವ 'ಗೆಲೆಡೆ' ಎಂಬ ಆಚರಣೆಯಿದೆ. ಆ ಜನ ಇಂದು ಬೆನಿನ್, ನೈಜೀರಿಯಾ, ಟೋಗೋ ಎಂದು ಮೂರು ದೇಶಗಳಲ್ಲಿ ಹಂಚಿಹೋಗಿದ್ದಾರೆ. 2008ರ ಯುನೆಸ್ಕೋ ಪಟ್ಟಿಯಲ್ಲಿ ಗೆಲೆಡೆಗೆ ಮೂರು ದೇಶಗಳ ಹೆಸರೂ ಇದೆ, ಆ ಸಮುದಾಯದ ಹೆಸರೂ ಇದೆ. ಹಂಚಿಕೊಂಡದ್ದು ಎಂದ ಮಾತ್ರಕ್ಕೆ ಯಾರ ಹೆಸರನ್ನೂ ಅಳಿಸಬೇಕಾಗಿಲ್ಲ.

ನಾನು ಸಾಫ್ಟ್‌ವೇರಿನವಳು. ಎಂಐಟಿ ಲೈಸೆನ್ಸಿನಲ್ಲಿ ಬಂದ ಕೋಡನ್ನು ಯಾರೂ ಬಳಸಬಹುದು, ತಿದ್ದಬಹುದು, ಮಾರಲೂಬಹುದು. ಷರತ್ತು ಇಷ್ಟೇ: ಬರೆದವರ ಹೆಸರಿರುವ ಸಾಲುಗಳನ್ನು ತೆಗೆಯಬಾರದು. ಆ ಸಾಲುಗಳಿಂದ ಕೋಡಿಗೆ ಭಾರವೇನೂ ಆಗುವುದಿಲ್ಲ.

ನಮ್ಮ ರಾಜ್ಯೋತ್ಸವದ ಕಾರ್ಯಕ್ರಮ ಪಟ್ಟಿಗೂ ಅಂಥ ಒಂದು ಸಾಲು ಸೇರಿಸೋಣ ಎಂಬುದು ನನ್ನ ಸಲಹೆ. ಕಂಸಾಳೆಯ ಮುಂದೆ ಬರೀ 'ಜಾನಪದ ನೃತ್ಯ' ಎನ್ನುವ ಬದಲು, 'ಮಲೆ ಮಹದೇಶ್ವರನ ದೇವರಗುಡ್ಡರ ಕಲೆ' ಎಂದು ಬರೆಯೋಣ. ಮಕ್ಕಳು ಗಾನಾ ಹಾಡಿಗೆ ಕುಣಿದರೆ 'ಉತ್ತರ ಚೆನ್ನೈಯ ಗಾನಾ' ಎಂದು ಬರೆಯೋಣ, ನಿರೂಪಕಿ ಅದನ್ನು ಮೈಕಿನಲ್ಲಿ ಓದಲಿ. ಆಗುವುದಾದರೆ ಒಂದು ವರ್ಷ ಅಲ್ಲಿನ ಗಾಯಕಿಯೊಬ್ಬರನ್ನೇ ಕರೆಸಿ, ಶಾಲಿನ ಜೊತೆಗೆ ಸರಿಯಾದ ಸಂಭಾವನೆಯನ್ನೂ ಕೊಡೋಣ.

ಮೈಸೂರು ಪಾಕಿನ ಹೆಸರಿಗಾಗಿ ನೊಂದುಕೊಂಡ ನಮಗೆ ಕಾಸಿಮೇಡಿನವರ ನೋವು ಅರ್ಥವಾಗದೆ ಇರದು. ಈ ಊರು ನಮಗೆ ಅನ್ನ ಕೊಟ್ಟಿದೆ. ಅದರ ಹಾಡಿಗೆ ಅದರ ಹೆಸರನ್ನಾದರೂ ನಾವು ಕೊಡೋಣ.