ಪಾಳಿ ಮುಗಿದ ಮೇಲೆ ಪೇಟಿ

ಬಳ್ಳಾರಿ ಹತ್ತಿರದ ಹಲಕುಂದಿ ಕಡೆಯ ಕಾರ್ಖಾನೆಗಳಲ್ಲಿ ಪಾಳಿ ದುಡಿಯುವವರ ನಡುವೆ, ಒಂದು ಕಾಲಕ್ಕೆ ಭಜನೆಗೆ ಪೇಟಿ (ಹಾರ್ಮೋನಿಯಂ) ನುಡಿಸಿದವರೂ ಇರುತ್ತಾರೆ. ಸಂಸಾರ ಬಂತು, ಜಾತ್ರೆಯ ದಾಸೋಹ, ರಕ್ತದಾನ ಶಿಬಿರ ಎಂದು ತಾವಾಗಿ ಮೈಮೇಲೆ ಹಾಕಿಕೊಂಡದ್ದೂ ಬೆಳೆಯಿತು. ಪೇಟಿ ಅಟ್ಟ ಸೇರಿತು.

ಈಗ ಇಳಿಸಿದರೆ ತಿದಿಯ ಮಡಿಕೆಯಲ್ಲಿ ಸೀಳು. ಒಂದು ಕೀ ಒತ್ತಿದರೆ ಮೇಲೇಳದು, ಇನ್ನೊಂದು ಮುಟ್ಟದೆಯೇ ಗುಂಯ್ ಎನ್ನುತ್ತದೆ. ರೀಡಿನ ಸಂದಿಯಲ್ಲಿ ಧೂಳು. ಇದಕ್ಕೆಲ್ಲ ರಿಪೇರಿ ಉಂಟು. ಬಿಗಿದುಕೊಂಡ ಬೆರಳಿಗೆ ಮಾತ್ರ ದಿನವೂ ಸ್ವಲ್ಪ ಹೊತ್ತು ಅಲಂಕಾರ ನುಡಿಸುವುದೊಂದೇ ದಾರಿ.

ಹೊಟ್ಟೆಪಾಡಿಗೂ ಕಲೆಗೂ ನಡುವಿನ ಈ ಜಗ್ಗಾಟ ಬಳ್ಳಾರಿಗೆ ಹೊಸದಲ್ಲ. ಧರ್ಮವರಂ ರಾಮಕೃಷ್ಣಮಾಚಾರ್ಯರು, ಕೋಲಾಚಲಂ ಶ್ರೀನಿವಾಸರಾಯರು, ಬಳ್ಳಾರಿ ರಾಘವರು (1880–1946) ಮೂವರೂ ವಕೀಲರು. ಕೋರ್ಟಿನ ಕೆಲಸದ ಜೊತೆಗೇ ಸರಸವಿನೋದಿನಿ, ಸುಮನೋರಮಾ ಸಭೆಗಳ ನಾಟಕ ನಡೆಸಿದರು. ಹೊಟ್ಟೆಪಾಡು ಬೇರೆಡೆ ಇದ್ದುದರಿಂದಲೇ ರಾಘವರು ಹೆಣ್ಣು ಪಾತ್ರಕ್ಕೆ ಹೆಣ್ಣುಮಕ್ಕಳನ್ನೇ ರಂಗಕ್ಕೆ ತರುವ ಧೈರ್ಯ ಮಾಡಿದರೆಂದು ನನಗನ್ನಿಸುತ್ತದೆ. ಆದರೆ ವಕೀಲರಿಗೆ ಸಂಜೆ ಎಂಬುದೊಂದಿತ್ತು. ಪಾಳಿಯವನಿಗೆ ಅದೂ ವಾರವಾರಕ್ಕೆ ಬದಲು!

ಸೇವೆಗೆ ಜನ ಫೋನು ಮಾಡಿ ಕರೆಯುತ್ತಾರೆ, ಪೇಟಿ ಕರೆಯುವುದಿಲ್ಲ. ಹಾಗಾಗಿ ಸೋಲುವುದು ಯಾವಾಗಲೂ ಪೇಟಿಯೇ. ದಾಸೋಹದ ಲೆಕ್ಕಪುಸ್ತಕವನ್ನು ಈ ವರ್ಷ ಹುಡುಗರ ಕೈಗೆ ಕೊಡಿ. ಒಂದೆರಡು ಕಡೆ ತಪ್ಪಿಯಾರು, ತಪ್ಪಲಿ. ನೀವು ಸೋಮವಾರದ ಭಜನೆಯಲ್ಲಿ ಶ್ರುತಿ ಹಿಡಿದು ಕೂತರೆ ಅದೂ ಊರಿನ ಸೇವೆಯ ಲೆಕ್ಕಕ್ಕೇ ಬರುತ್ತದೆ.