ಮಾಸಿದ ಓಲೆ, ಗಣಕಯಂತ್ರದ ಕಣ್ಣು
(ಆಲಮೇಲದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ವಿಜಾಪುರ ಸೀಮೆಯಲ್ಲಿ ನಿಂತು ಹಳೆಯ ಬರವಣಿಗೆಯ ಬಗ್ಗೆ ಮಾತನಾಡುವವರು ಫ.ಗು. ಹಳಕಟ್ಟಿಯವರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ವಿಜಾಪುರದಲ್ಲಿ ವಕೀಲರಾಗಿ ನೆಲೆನಿಂತ ಅವರು ಮಠ-ಮನೆಗಳಲ್ಲಿ ಕಟ್ಟಿಟ್ಟಿದ್ದ ಓಲೆಗರಿಗಳನ್ನು ಹುಡುಕಿ ತಂದು ಓದಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚಾಯಿತು. 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯ, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಬಂದವು. ಮುಂದೆ 1993ರಲ್ಲಿ ಕರ್ನಾಟಕ ಸರ್ಕಾರ ಹೊರತಂದ ಸಮಗ್ರ ವಚನ ಸಂಪುಟಗಳ ಪ್ರಧಾನ ಸಂಪಾದಕರಾಗಿದ್ದ ಎಂ.ಎಂ. ಕಲಬುರ್ಗಿಯವರಂತೂ ಇದೇ ಸಿಂದಗಿ ಸೀಮೆಯವರು.

ಈ ಹಿರಿಯರೆಲ್ಲ ಓಲೆಯನ್ನು ಬೆಳಕಿಗೆ ಹಿಡಿದು ಬರಿಗಣ್ಣಿನಿಂದ ಓದಿದರು. ಇಂದು ಓಲೆಯ ಚಿತ್ರ ತೆಗೆದು ಗಣಕಯಂತ್ರಕ್ಕೆ ಕೊಟ್ಟರೆ ಅದು ಕಲೆಯನ್ನು ಅಳಿಸಿ, ಮಸುಕನ್ನು ತಿಳಿಗೊಳಿಸಿ, ಹರಿದ ಅಕ್ಷರವನ್ನು ಕೂಡಿಸಿ ಕೊಡುತ್ತದೆ. ಅದು ಈ ಕೆಲಸವನ್ನು ಹೇಗೆ ಮಾಡುತ್ತದೆ? ಅದು ಕೊಟ್ಟದ್ದನ್ನು ನಾವು ಎಷ್ಟರಮಟ್ಟಿಗೆ ನಂಬಬಹುದು? ಈ ಎರಡು ಪ್ರಶ್ನೆಗಳನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಮೊದಲು ಓಲೆ ಹೇಗೆ ಕೆಡುತ್ತದೆ ಎಂಬುದನ್ನು ನೋಡೋಣ. ಲೋಹದ ಮೊನೆಯ ಕಂಠದಿಂದ ಗರಿಯ ಮೇಲೆ ಅಕ್ಷರ ಕೊರೆದು, ಮೇಲೆ ಕಾಡಿಗೆಯ ಮಸಿ ಸವರಿ ಒರೆಸುತ್ತಿದ್ದರು. ಮಸಿ ಗೀರಿನೊಳಗೆ ಉಳಿಯುತ್ತಿತ್ತು. ಕಾಲ ಕಳೆದಂತೆ ಗರಿ ಕಂದು ಬಣ್ಣಕ್ಕೆ ತಿರುಗುತ್ತದೆ, ಹುಳ ತೂತು ಕೊರೆಯುತ್ತದೆ, ಅಂಚು ಮುರಿಯುತ್ತದೆ. ಕೊನೆಗೆ ಕಪ್ಪು ಗರಿಯ ಮೇಲೆ ಕಪ್ಪು ಅಕ್ಷರ!

ಇಂಥ ಸ್ಥಿತಿಗೆ ಬಂದಿದ್ದ ಒಂದು ಗ್ರಂಥ ನಮ್ಮ ನಾಡಿನದೇ. ಮಧ್ವಾಚಾರ್ಯರ 36 ಕೃತಿಗಳನ್ನೊಳಗೊಂಡ ‘ಸರ್ವಮೂಲ’ದ ಹಳೆಯ ಓಲೆಪ್ರತಿಯೊಂದು ಉಡುಪಿಯಲ್ಲಿತ್ತು. ಎರಡಡಿಗೂ ಉದ್ದವಾದ ಗರಿಗಳು. ರಕ್ಷಣೆಗೆಂದು ಹಚ್ಚಿದ ಎಣ್ಣೆಯೇ ಅವುಗಳನ್ನು ಇನ್ನಷ್ಟು ಕಪ್ಪಾಗಿಸಿತ್ತು. ಅಮೆರಿಕದ ರೋಚೆಸ್ಟರ್ ತಂತ್ರಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಪಿ.ಆರ್. ಮುಕುಂದ್ ಅವರು 2005-06ರ ಸುಮಾರಿಗೆ ಈ ಕೆಲಸಕ್ಕೆ ಕೈಹಾಕಿದರು. ಆರ್ಕಿಮಿಡೀಸನ ಅಳಿಸಿಹೋದ ಗ್ರಂಥವನ್ನು ಓದಿಸಿದ ತಂಡದಲ್ಲಿದ್ದ ರೋಜರ್ ಈಸ್ಟನ್ ಮತ್ತು ಕೀತ್ ನಾಕ್ಸ್ ಜೊತೆಗೂಡಿದರು. ಅವರು ನೆಚ್ಚಿದ್ದು ಅವಕೆಂಪು ಕಿರಣವನ್ನು. ನಮ್ಮ ಕಣ್ಣಿಗೆ ಕಾಣದ ಈ ಬೆಳಕನ್ನು ಕಂದಿದ ಗರಿ ಚೆನ್ನಾಗಿ ಹಿಂದಕ್ಕೆ ಚಿಮ್ಮಿಸುತ್ತದೆ. ಕಾಡಿಗೆಯ ಮಸಿ ಹೀರಿಕೊಳ್ಳುತ್ತದೆ. ಹೀಗಾಗಿ ಚಿತ್ರದಲ್ಲಿ ಗರಿ ಬೆಳ್ಳಗೆ, ಅಕ್ಷರ ಕಪ್ಪಗೆ ಬಂದವು. ಪ್ರತಿ ಗರಿಯನ್ನೂ ಎಂಟು-ಹತ್ತು ತುಂಡುಗಳಾಗಿ ಚಿತ್ರಿಸಿ, ಗಣಕದಲ್ಲಿ ಜೋಡಿಸಲಾಯಿತು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಈ ವಿಧಾನ ಓಲೆಯಲ್ಲಿ ಇಲ್ಲದ ಏನನ್ನೂ ಸೇರಿಸಲಿಲ್ಲ. ಇದ್ದ ಮಸಿಯನ್ನೇ ಕಾಣುವಂತೆ ಮಾಡಿತು. ಎಲ್ಲ ವಿಧಾನಗಳೂ ಹೀಗಿರುವುದಿಲ್ಲ.

ಗಣಕಯಂತ್ರಕ್ಕೆ ಚಿತ್ರವೆಂದರೆ ಅಂಕಿಗಳ ಕೋಷ್ಟಕ. ಪ್ರತಿ ಚುಕ್ಕಿಗೂ ಒಂದು ಅಂಕಿ: ಕಡುಗಪ್ಪಿಗೆ 0, ಅಚ್ಚಬಿಳುಪಿಗೆ 255. ನಮಗೆ ಸಿಕ್ಕ ಚಿತ್ರ ಎಂದರೆ ನಿಜವಾದ ಚಿತ್ರ ಸ್ವಲ್ಪ ಮಸುಕಾಗಿ, ಅದರ ಮೇಲೆ ಒಂದಿಷ್ಟು ಗದ್ದಲ ಸೇರಿದ್ದು. ಸಂತೆಯ ಗದ್ದಲದಲ್ಲಿ ಒಬ್ಬನ ಮಾತು ಕೇಳಿಸಿಕೊಂಡಂತೆ, ಗದ್ದಲವನ್ನು ಬೇರ್ಪಡಿಸಿ ನಿಜವನ್ನು ಹಿಡಿಯಬೇಕು.

ಸರಳ ಉಪಾಯವೆಂದರೆ ಸರಾಸರಿ. ಒಂದು ಚುಕ್ಕಿಯನ್ನೂ ಅದರ ಸುತ್ತಲಿನ ಎಂಟನ್ನೂ ಕೂಡಿಸಿ 9ರಿಂದ ಭಾಗಿಸಿದರೆ, ಗೊತ್ತುಗುರಿಯಿಲ್ಲದ ಗದ್ದಲ ಮೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಆದರೆ ಅಕ್ಷರದ ಅಂಚೂ ಕದಡಿಹೋಗುತ್ತದೆ. ಇನ್ನೊಂದು ಉಪಾಯದಲ್ಲಿ ಆ ಒಂಬತ್ತು ಅಂಕಿಗಳನ್ನು ಏರಿಕೆಯ ಕ್ರಮದಲ್ಲಿಟ್ಟು ನಡುವಿನದನ್ನು ಆರಿಸುತ್ತಾರೆ. ಅಂಚು ಉಳಿಯುತ್ತದೆ, ಒಂಟಿ ಚುಕ್ಕಿಗಳು ಮಾಯವಾಗುತ್ತವೆ. ಆದರೆ ಕನ್ನಡದಲ್ಲಿ ಒಂಟಿ ಚುಕ್ಕಿಗೂ ಬೆಲೆಯಿದೆ. ಚಿತ್ರ ಸಣ್ಣದಿದ್ದು ಸೊನ್ನೆ ಎರಡು ಮೂರು ಚುಕ್ಕಿಯಷ್ಟೇ ಇದ್ದರೆ ಅದೂ ಕಸದೊಂದಿಗೆ ಹೋಗುತ್ತದೆ; ‘ಮಂಗ’ ‘ಮಗ’ನಾಗುತ್ತಾನೆ. ಹುಳ ಕೊರೆದ ತೂತನ್ನು ಸೊನ್ನೆಯೆಂದು ಉಳಿಸಿಕೊಂಡರೆ ‘ಮಗ’ ‘ಮಂಗ’ನಾಗುತ್ತಾನೆ!

1992ರಲ್ಲಿ ರುಡಿನ್, ಓಶರ್, ಫತೇಮಿ ಎಂಬ ಮೂವರು ಇನ್ನೊಂದು ದಾರಿ ತೋರಿದರು. ಚಿತ್ರದೊಳಗಿನ ಒಟ್ಟು ಏರಿಳಿತ ಕನಿಷ್ಠವಾಗಿರಬೇಕು, ಆದರೆ ಮೂಲಚಿತ್ರದಿಂದ ಬಹಳ ದೂರ ಹೋಗಬಾರದು ಎಂಬುದು ಅವರ ಸೂತ್ರ. ಇದರಿಂದ ಗದ್ದಲ ಅಡಗಿ, ಕಡಿದಾದ ಅಂಚು ಉಳಿಯುತ್ತದೆ. 2005ರಲ್ಲಿ ಬುವಾದೆಸ್, ಕೋಲ್, ಮೊರೆಲ್ ಎಂಬುವರು ಮತ್ತೊಂದನ್ನು ಹೇಳಿದರು: ಹತ್ತಿರದ ಚುಕ್ಕಿಗಳನ್ನಷ್ಟೇ ಏಕೆ ನೋಡಬೇಕು? ಚಿತ್ರದಲ್ಲಿ ಎಲ್ಲೇ ಇರಲಿ, ಅದೇ ರೀತಿಯ ತುಣುಕುಗಳನ್ನು ಹುಡುಕಿ ಅವುಗಳ ಸರಾಸರಿ ತೆಗೆಯೋಣ. ಓಲೆ ಓದುವ ಹಿರಿಯರು ಮಾಡುವುದೂ ಇದನ್ನೇ ಅಲ್ಲವೇ? ಒಂದು ‘ಳ’ ಸ್ಪಷ್ಟವಾಗದಿದ್ದರೆ ಅದೇ ಲಿಪಿಕಾರ ಬೇರೆಡೆ ಬರೆದ ‘ಳ’ವನ್ನು ಹುಡುಕಿ ಹೋಲಿಸುತ್ತಾರೆ.

ಇಲ್ಲಿಯವರೆಗೆ ನಿಯಮವನ್ನು ಮನುಷ್ಯ ಬರೆಯುತ್ತಿದ್ದ. ‘ಡೀಪ್ ಲರ್ನಿಂಗ್’ ಎಂಬ ಆಳಕಲಿಕೆಯಲ್ಲಿ ಯಂತ್ರವೇ ನಿಯಮವನ್ನು ಕಂಡುಕೊಳ್ಳುತ್ತದೆ. ಶುದ್ಧ ಚಿತ್ರಗಳನ್ನು ತೆಗೆದುಕೊಂಡು, ಅವುಗಳನ್ನೇ ಬೇಕೆಂದು ಕೆಡಿಸಿ, ಕೆಟ್ಟದ್ದನ್ನೂ ಒಳ್ಳೆಯದನ್ನೂ ಜೋಡಿಯಾಗಿ ತೋರಿಸುತ್ತಾರೆ. ಯಂತ್ರ ತಪ್ಪಿದಾಗಲೆಲ್ಲ ಅದರೊಳಗಿನ ಲಕ್ಷಾಂತರ ಅಂಕಿಗಳು ಕೊಂಚ ಕೊಂಚ ತಿದ್ದಿಕೊಳ್ಳುತ್ತವೆ. 2017ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ವಿಧಾನದಲ್ಲಿ ಯಂತ್ರ ಚಿತ್ರವನ್ನು ಊಹಿಸುವುದೇ ಇಲ್ಲ. ಗದ್ದಲವನ್ನು ಮಾತ್ರ ಊಹಿಸಿ ಅದನ್ನು ಕಳೆಯುತ್ತದೆ. 2018ರಲ್ಲಿ ಇನ್ನೊಂದು ತಂಡ ಶುದ್ಧ ಚಿತ್ರವೇ ಇಲ್ಲದೆ, ಒಂದೇ ವಸ್ತುವಿನ ಎರಡೆರಡು ಗದ್ದಲದ ಚಿತ್ರಗಳಿಂದಲೇ ಯಂತ್ರ ಕಲಿಯಬಲ್ಲದು ಎಂದು ತೋರಿಸಿತು. ಆದರೆ ಇದು ಕ್ಯಾಮೆರಾದ ಗದ್ದಲಕ್ಕೆ ಮದ್ದೇ ಹೊರತು ಓಲೆಯ ಕಲೆಗಲ್ಲ. ಗರಿಯನ್ನು ಎಷ್ಟು ಸಲ ಚಿತ್ರಿಸಿದರೂ ಕಲೆ ಅಲ್ಲೇ ಇರುತ್ತದೆ.

ಕಲೆಯಡಿ ಅಳಿದ ಅಕ್ಷರವನ್ನು ತುಂಬುವಾಗ ಯಂತ್ರ ತಾನು ಕಲಿತ ಉದಾಹರಣೆಗಳನ್ನೇ ಆಧರಿಸುತ್ತದೆ. ಇಂಥಲ್ಲಿ ಸಾಮಾನ್ಯವಾಗಿ ಏನಿರುತ್ತದೋ ಅದನ್ನೇ ಬರೆಯುತ್ತದೆ. ಬರೆದದ್ದು ಬಹಳ ಚೆಂದವಾಗಿ, ಸ್ಪಷ್ಟವಾಗಿ ಕಾಣುತ್ತದೆ. ಅಪಾಯವಿರುವುದು ಈ ಸ್ಪಷ್ಟತೆಯಲ್ಲಿ. ಮಸುಕಾದ ಅಕ್ಷರ ನೋಡಿದವನು ಅನುಮಾನಿಸುತ್ತಾನೆ; ಅಚ್ಚುಕಟ್ಟಾದ ಅಕ್ಷರ ನೋಡಿದವನು ಅನುಮಾನಿಸುವುದಿಲ್ಲ.

ಆಳಕಲಿಕೆ ಇನ್ನೂ ಹರಡದಿದ್ದ ಕಾಲದ ಒಂದು ಪ್ರಸಂಗ ಕೇಳಿ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬ ಗಣಕತಜ್ಞರು ಕಟ್ಟಡದ ನಕಾಶೆಯೊಂದರ ನಕಲನ್ನು ಪರಿಶೀಲಿಸಿದರು. ಮೂರು ಕೋಣೆಗಳ ಅಳತೆ ಮೂಲದಲ್ಲಿ ಬೇರೆ ಬೇರೆ ಇದ್ದರೆ, ಜೆರಾಕ್ಸ್ ಕಂಪನಿಯ ಯಂತ್ರ ತೆಗೆದ ನಕಲಿನಲ್ಲಿ ಮೂರೂ ಒಂದೇ ಆಗಿದ್ದವು! ಜಾಗ ಉಳಿಸಲೆಂದು ಆ ಯಂತ್ರ ಒಂದೇ ರೀತಿ ಕಂಡ ತುಣುಕುಗಳಿಗೆಲ್ಲ ಒಂದೇ ಚಿತ್ರವನ್ನು ಅಂಟಿಸುತ್ತಿತ್ತು. ಬೇರೆ ಪುಟಗಳಲ್ಲಿ 6 ಇದ್ದಲ್ಲಿ 8 ಬಂದಿತ್ತು. ಅಕ್ಷರಗಳಲ್ಲಿ ಒಂದಿಷ್ಟೂ ಮಸುಕಿರಲಿಲ್ಲವಾದ್ದರಿಂದ ಯಾರಿಗೂ ಸಂಶಯ ಬಂದಿರಲಿಲ್ಲ. ಕಂಪನಿ ಕೊನೆಗೆ ತಂತ್ರಾಂಶವನ್ನು ತಿದ್ದಿತು.

ಕನ್ನಡದಲ್ಲಿ ‘ದನ’ಕ್ಕೂ ‘ಧನ’ಕ್ಕೂ ಇರುವ ಅಂತರ ಕೆಳಗಿನ ಒಂದು ಸಣ್ಣ ಸೀಳು. ವ್ಯಾಪಾರದ ಲೆಕ್ಕಗಳನ್ನೇ ಹೆಚ್ಚಾಗಿ ಓದಿ ಕಲಿತ ಯಂತ್ರ ಸಂದೇಹ ಬಂದಲ್ಲೆಲ್ಲ ‘ಧನ’ವನ್ನೇ ಕಂಡೀತು. ಓದುವವನಿಗೆ ಅರ್ಥ ಕೂಡಿಬಂದರೆ ತಪ್ಪು ಅಲ್ಲೇ ಉಳಿಯುತ್ತದೆ.

ಗ್ರಂಥಸಂಪಾದನೆ ಬಲ್ಲವರಿಗೆ ಇನ್ನೊಂದು ಸಂಗತಿ ಹೊಳೆದಿರಬಹುದು. ಎರಡು ಪ್ರತಿಗಳಲ್ಲಿ ಎರಡು ಪಾಠಗಳಿದ್ದರೆ, ಸಾಮಾನ್ಯವಾಗಿ ಕಠಿಣವಾದ, ಅಪರೂಪದ ಪಾಠವೇ ಮೂಲಕ್ಕೆ ಹತ್ತಿರ ಎಂದು ಸಂಪಾದಕರು ತಿಳಿಯುತ್ತಾರೆ. ಅರ್ಥವಾಗದ ಹಳೆಯ ಶಬ್ದವನ್ನು ಲಿಪಿಕಾರ ಸುಲಭದ ಶಬ್ದಕ್ಕೆ ತಿದ್ದಿರುವ ಸಂಭವ ಹೆಚ್ಚು. ಯಂತ್ರದ ಒಲವು ಇದಕ್ಕೆ ನೇರ ವಿರುದ್ಧ: ಅದು ಹೆಚ್ಚು ಬಳಕೆಯ ರೂಪದತ್ತ ವಾಲುತ್ತದೆ. ಹಳೆಯ ಕಾಲದ, ಒಂದು ಊರಿನ, ಒಂದು ಕಸುಬಿನ ಶಬ್ದವೊಂದು ಒಂದೇ ಓಲೆಯಲ್ಲಿ ಉಳಿದಿದ್ದರೆ, ಯಂತ್ರ ಮೊದಲು ಅಳಿಸುವುದು ಅದನ್ನೇ. ಓಲೆ ಹುಡುಕುವ ನಮಗೆ ಬೇಕಾದದ್ದೂ ಅದೇ.

ಹಾಗಾದರೆ ಯಂತ್ರ ಬೇಡವೇ? ಖಂಡಿತ ಬೇಕು. ಓಲೆ ಓದಬಲ್ಲವರು ಕಡಿಮೆಯಾಗುತ್ತಿದ್ದಾರೆ; ಗರಿಗಳು ನಮಗಾಗಿ ಕಾಯುವುದಿಲ್ಲ. 2003ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ ಆರಂಭಿಸಿತು. 2025ರ ಬಜೆಟ್‌ನಲ್ಲಿ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳನ್ನು ಗುರಿಯಾಗಿಟ್ಟುಕೊಂಡ ‘ಜ್ಞಾನ ಭಾರತಂ’ ಯೋಜನೆಯನ್ನು ಘೋಷಿಸಲಾಯಿತು. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಶಿಲಾಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ, ಸವೆದ ಅಕ್ಷರಗಳನ್ನು ಓದಿಸುತ್ತಿದೆ. ಇಷ್ಟು ದೊಡ್ಡ ಕೆಲಸ ಯಂತ್ರದ ನೆರವಿಲ್ಲದೆ ಆಗದು.

ಆದರೆ ಮೂರು ಕಟ್ಟುಪಾಡುಗಳು ಬೇಕು. ಒಂದು: ತಿದ್ದದ ಮೂಲಚಿತ್ರವನ್ನು ಎಂದೂ ಅಳಿಸಬಾರದು. ನಾಳೆ ಇನ್ನೂ ಉತ್ತಮ ವಿಧಾನ ಬಂದಾಗ ಅದಕ್ಕೆ ಬೇಕಾಗುವುದು ಈ ಮೂಲವೇ. ಎರಡು: ಇದ್ದದ್ದನ್ನು ಕಾಣಿಸಿದ್ದು ಎಷ್ಟು, ಇಲ್ಲದ್ದನ್ನು ತುಂಬಿದ್ದು ಎಷ್ಟು ಎಂಬುದನ್ನು ಗುರುತು ಹಾಕಿ ತೋರಿಸಬೇಕು. ಇದು ಹೊಸದೇನಲ್ಲ. ನಮ್ಮ ಶಾಸನತಜ್ಞರು ಸಂದೇಹದ ಅಕ್ಷರವನ್ನು ಕಂಸದಲ್ಲಿಟ್ಟು, ಅಳಿದುಹೋದಲ್ಲಿ ಚುಕ್ಕಿಗಳನ್ನಿಟ್ಟು ಅಚ್ಚು ಹಾಕಿಸಿದ್ದಾರೆ. ಯಂತ್ರವೂ ಅದೇ ಮರ್ಯಾದೆಗೆ ಒಳಪಡಬೇಕು. ಮೂರು: ಕೊನೆಯ ಓದು ಭಾಷೆ ಬಲ್ಲ ಮನುಷ್ಯನದಾಗಿರಬೇಕು.

ಆಲಮೇಲ, ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆಯವರಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಮನೆಯಲ್ಲೋ ಮಠದಲ್ಲೋ ಓಲೆಕಟ್ಟು ಇದ್ದರೆ ಬಲ್ಲವರನ್ನು ಕೇಳದೆ ಎಣ್ಣೆ ಹಚ್ಚಬೇಡಿ, ನೀರು ತಾಗಿಸಬೇಡಿ. ಗರಿಗಳ ಕ್ರಮ ತಪ್ಪಿಸಬೇಡಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಎರಡೂ ಮಗ್ಗುಲಿನ ಚಿತ್ರ ತೆಗೆಯಿರಿ. ಊರ ಮುಂದಿನ ಶಾಸನಕ್ಕೆ ಸುಣ್ಣ ಬಳಿಯದಿರಿ. ಕತ್ತಲಾದ ಮೇಲೆ ಬ್ಯಾಟರಿಯನ್ನು ಓರೆಯಾಗಿ ಹಿಡಿದು ನೋಡಿ, ಹಗಲಲ್ಲಿ ಕಾಣದ ಗೀರುಗಳು ನೆರಳಾಗಿ ಏಳುತ್ತವೆ. ಫೋನು ತಾನಾಗಿ ‘ಸುಂದರ’ಗೊಳಿಸಿದ ಚಿತ್ರವನ್ನಷ್ಟೇ ಇಟ್ಟುಕೊಂಡು ಮೊದಲಿನದನ್ನು ತೆಗೆದುಹಾಕಬೇಡಿ. ಹಾಳಾದಂತೆ ಕಾಣುವ ಆ ಮೊದಲಿನ ಚಿತ್ರವೇ ಮುಂದೆ ಓದುವವರಿಗೆ ಸಾಕ್ಷಿ.