ಹಳೆಯ ಸೈಕಲ್ಲಿಗೆ ಬ್ರೇಕ್ ಹುಡುಕುವ ಬಗೆ



ಯಾದಗಿರಿ ತಾಲ್ಲೂಕಿನ ಹತ್ತಿಕುಣಿ ತನ್ನ ಜಲಾಶಯದಿಂದ ಹೆಸರಾದ ಊರು. ಇಂಥ ಊರಿನಲ್ಲಿ ಎತ್ತರದ ಕಪ್ಪು ಸೈಕಲ್ಲೆಂದರೆ ಹೊಲಕ್ಕೆ ಬುತ್ತಿ ಒಯ್ಯುವ, ಹಾಲಿನ ಕ್ಯಾನು ಹೊರುವ, ಕ್ಯಾರಿಯರ್ ಮೇಲೆ ತೊಗರಿಯ ಚೀಲ ಹೇರುವ ಗಾಡಿ. ಚೀಲ ಹೊತ್ತ ಸೈಕಲ್ಲು ಇಳಿಜಾರಿನಲ್ಲಿ ನಿಲ್ಲದೆ ಹೋದರೆ ಗತಿಯೇನು? ಹೀಗಾಗಿ ಅದರ ಬ್ರೇಕಿಗೆ ಬಿಡಿಭಾಗ ಎಲ್ಲಿ ಸಿಕ್ಕೀತು ಎಂಬುದು ಹಳೆಯ ವಸ್ತುಗಳ ಮೋಹದಿಂದ ಹುಟ್ಟಿದ ಪ್ರಶ್ನೆಯಲ್ಲ, ಸವಾರನ ಜೀವದ ಪ್ರಶ್ನೆ.

ಈ ಸೈಕಲ್ಲಿನ ಬ್ರೇಕಿಗೆ ತಂತಿಯಿಲ್ಲ, ಕಬ್ಬಿಣದ ರಾಡುಗಳಿವೆ. ಹ್ಯಾಂಡಲಿನ ಹಿಡಿಯನ್ನು ಒತ್ತಿದಾಗ ಮುಂದಿನ ರಾಡು ಮೇಲಕ್ಕೇಳುತ್ತದೆ. ಅದರ ತುದಿಯಲ್ಲಿ ಕುದುರೆಯ ರಿಕಾಪಿನಂತೆ ಬಾಗಿದ ಕಂಬಿ, ಕಂಬಿಯ ಎರಡು ಕೊನೆಗೆ ಎರಡು ರಬ್ಬರು. ಇವು ರಿಮ್ಮಿನ ಒಳಮೈಗೆ, ಅಂದರೆ ಗಾಲಿಯ ನಡುವಿಗೆ ಮುಖಮಾಡಿದ ಮೈಗೆ, ಒತ್ತಿ ಗಾಲಿಯನ್ನು ತಡೆಯುತ್ತವೆ. ಹಿಂದಿನ ಗಾಲಿಗೆ ಇದೇ ಎಳೆತ ಕೀಲುಗಳ ಮೂಲಕ ತಲುಪುತ್ತದೆ. ತಂತಿಯ ಬ್ರೇಕಿನ ಸೈಕಲ್ಲುಗಳಲ್ಲಾದರೋ ರಬ್ಬರುಗಳು ರಿಮ್ಮಿನ ಎರಡು ಪಕ್ಕಗಳನ್ನು ಇಕ್ಕಳದಂತೆ ಹಿಡಿಯುತ್ತವೆ. ಹಳೆಯ ರಿಮ್ಮಿನ ಪಕ್ಕಗಳು ದುಂಡಗಿರುವುದರಿಂದ ಇಕ್ಕಳಕ್ಕೆ ಅಲ್ಲಿ ಹಿಡಿತ ಸಿಗದು. ತೊಡಕಿನ ಮೂಲ ಇದೇ. ಬ್ರೇಕಿನ ಜಾತಿ ಬದಲಿಸಬೇಕೆಂದರೆ ರಿಮ್ಮನ್ನೂ ಬದಲಿಸಬೇಕಾಗುತ್ತದೆ.

ರಿಮ್ ಬದಲಿಸುವುದೂ ಸುಲಭವಲ್ಲ. ಹಳೆಯ ಪದ್ಧತಿಯಲ್ಲಿ ಮುಂದಿನ ಗಾಲಿಗೆ 32, ಹಿಂದಿನದಕ್ಕೆ 40 ಸ್ಪೋಕುಗಳು. 36 ತೂತಿನ ರಿಮ್ ತಂದರೆ ಹಳೆಯ ಹಬ್ಬಿಗೆ ಹೊಂದದು. ಅಳತೆಯ ಹೆಸರಿನಲ್ಲೂ ಮೋಸ ಹೋಗಬಹುದು. ಹಳೆಯ 28 ಇಂಚಿನ ರಿಮ್ಮಿನಲ್ಲಿ ಟಯರು ಕೂರುವ ಜಾಗದ ವ್ಯಾಸ 635 ಮಿಲಿಮೀಟರ್. ಈಗ 28 ಇಂಚು ಎಂದೇ ಮಾರುವ ಬೇರೊಂದು ಅಳತೆಯಲ್ಲಿ ಅದು 622 ಮಿಲಿಮೀಟರ್. ವ್ಯಾಸದಲ್ಲಿ 13, ತ್ರಿಜ್ಯದಲ್ಲಿ ಆರೂವರೆ ಮಿಲಿಮೀಟರಿನ ವ್ಯತ್ಯಾಸ. ಹಳೆಯ ಟಯರು ಇದಕ್ಕೆ ಕೂರದು, ಬ್ರೇಕಿನ ರಬ್ಬರೂ ತನ್ನ ಸ್ಥಾನ ತಪ್ಪುತ್ತದೆ. ಆದ್ದರಿಂದ ಇಂಚಿನ ಲೆಕ್ಕವನ್ನು ನಂಬದೆ, ಟಯರಿನ ಮೇಲೆ ಅಚ್ಚೊತ್ತಿದ ಮಿಲಿಮೀಟರ್ ಸಂಖ್ಯೆಯನ್ನು ನೋಡುವುದು ಲೇಸು.

ಈ ಅಳತೆಗಳೆಲ್ಲ ಇಂಗ್ಲೆಂಡಿನ ಬಳುವಳಿ. ಸ್ವಾತಂತ್ರ್ಯಾನಂತರ ನಮ್ಮ ಕಾರ್ಖಾನೆಗಳು ಅವನ್ನೇ ಮುಂದುವರಿಸಿದವು. ಮದ್ರಾಸಿನಲ್ಲಿ 1949ರಲ್ಲಿ ಟಿ.ಐ. ಸೈಕಲ್ಸ್, ಸೋನಿಪತ್‌ನಲ್ಲಿ 1951ರಲ್ಲಿ ಅಟ್ಲಾಸ್ ಆರಂಭವಾದವು. ಯಾದಗಿರಿ ಸೀಮೆ ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ 1956ರಲ್ಲಿಯೇ ಲೂಧಿಯಾನದಲ್ಲಿ ಹೀರೋ ಸೈಕಲ್ ತಯಾರಿಕೆ ಮೊದಲಾಯಿತು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ರ್‍ಯಾಲಿ ಸೈಕಲ್ಲುಗಳ ತಯಾರಿಕೆ 2002ರಲ್ಲಿ ನಿಂತಿತು. ಆದರೆ ಅಲ್ಲಿ ಬಳಕೆ ತಪ್ಪಿದ ರಾಡ್ ಬ್ರೇಕು ನಮ್ಮಲ್ಲಿ ಉಳಿಯಿತು. ಬ್ರಿಟನ್ನಿನ ಹಳೆಯ ಸೈಕಲ್ಲಿಗೂ ಭಾರತದ ಬಿಡಿಭಾಗ ಒದಗುವುದು ಈ ಕಾರಣದಿಂದಲೇ. ಹಾಗೆಂದು ಈ ನಂಟು ಶಾಶ್ವತವೆನ್ನುವಂತಿಲ್ಲ. ಅಟ್ಲಾಸಿನ ಕೊನೆಯ ಕಾರ್ಖಾನೆಯೂ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಕೆಲಸ ನಿಲ್ಲಿಸಿತು.

ಹಾಗಾದರೆ ಸೈಕಲ್ಲಿನ ಒಡೆಯ ಮಾಡಬೇಕಾದುದೇನು? ಕಂಪನಿಯ ಹೆಸರು ಹೇಳಿ ಬಿಡಿಭಾಗ ಕೇಳುವ ಬದಲು, ಸವೆದ ಭಾಗವನ್ನೇ ಬಿಚ್ಚಿ ಅಂಗಡಿಗೆ ಒಯ್ಯಬೇಕು. ಬ್ರೇಕ್ ಹಿಡಿಯುತ್ತಿಲ್ಲವೆಂದು ಎಲ್ಲವನ್ನೂ ಬದಲಿಸುವ ಮೊದಲು ರಬ್ಬರು ಸವೆದಿದೆಯೇ, ಕೀಲು ತುಕ್ಕು ಹಿಡಿದಿದೆಯೇ, ರಾಡು ಬಾಗಿದೆಯೇ ಎಂದು ನೋಡಬೇಕು. ರಬ್ಬರನ್ನು ಹಿಡಿದಿಡುವ ತಗಡಿನ ಶೂಗೆ ಒಂದು ತುದಿ ತೆರೆದಿದ್ದರೆ, ಮುಚ್ಚಿದ ತುದಿಯು ಗಾಲಿ ತಿರುಗುವ ದಿಕ್ಕಿಗಿರಬೇಕು. ತಿರುವುಮುರುವಾದರೆ ಬ್ರೇಕ್ ಒತ್ತಿದ ಗಳಿಗೆಯಲ್ಲೇ ರಬ್ಬರು ಜಾರಿ ಹೊರಬಿದ್ದೀತು. ಎಲ್ಲ ಸರಿಯಿದ್ದರೂ ಮಳೆಯಲ್ಲಿ ಉಕ್ಕಿನ ರಿಮ್ಮಿನ ಮೇಲೆ ರಬ್ಬರಿನ ಹಿಡಿತ ಕಡಿಮೆ ಎಂಬುದನ್ನು ಮರೆಯಬಾರದು.

ಇಷ್ಟನ್ನೂ ಪುಸ್ತಕ ನೋಡದೆ ಬಲ್ಲವನು ಊರಿನ ಸೈಕಲ್ ಮಿಸ್ತ್ರಿ. ಅಂಗಡಿಯ ಮೂಲೆಯಲ್ಲಿ ಡಬ್ಬಿ ತುಂಬ ಹಳೆಯ ಕಂಬಿ, ಕೀಲು, ನಟ್ಟುಗಳನ್ನು ಕೂಡಿಟ್ಟವನೂ ಅವನೇ. ಅವನ ಅಂಗಡಿ ಮುಚ್ಚಿದ ಊರಿನಲ್ಲಿ, ಲೂಧಿಯಾನದಿಂದ ಬಿಡಿಭಾಗ ಬಂದರೂ ಅದನ್ನು ಸರಿಯಾಗಿ ಕೂರಿಸುವವರು ಇರುವುದಿಲ್ಲ.